ಮುಗಿದ ಮೊಕದ್ದಮೆಯ ಸಾಕ್ಷಿಯ ಮನೆ ಬಾಗಿಲನ್ನು ಸಂಶೋಧಕರು ತಟ್ಟಬೇಕೇ?

ಪರ: ಕಡತದಲ್ಲಿ ಇಲ್ಲದ್ದನ್ನು ಇನ್ಯಾರನ್ನು ಕೇಳುವುದು?

ತುಮಕೂರಿನಲ್ಲಿ ಕಾನೂನು ಕಲಿಸುವ ನಾನು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳಿಗೆ ಖುಲಾಸೆಯ ತೀರ್ಪುಗಳನ್ನು ಓದಿಸುತ್ತೇನೆ. ಹತ್ತು ಓದಿದವರು ಹನ್ನೊಂದನೆಯದನ್ನು ತಾವೇ ಬರೆಯಬಲ್ಲರು. “ಮಹಜರಿನ ಮೇಲಿನ ಸಹಿ ನನ್ನದೇ. ಪೊಲೀಸರು ಠಾಣೆಗೆ ಕರೆಸಿ ಹಾಕಿಸಿಕೊಂಡರು. ಅದರಲ್ಲಿ ಏನು ಬರೆದಿತ್ತೋ ತಿಳಿಯದು.” ಅಲ್ಲಿಗೆ ಸಾಕ್ಷಿ ಪ್ರತಿಕೂಲ, ಅಂದರೆ ಕರೆಸಿದ ಪಕ್ಷಕ್ಕೇ ತಿರುಗಿಬಿದ್ದವನು. ಸರ್ಕಾರಿ ಅಭಿಯೋಜಕರು ಪಾಟೀಸವಾಲು ಮಾಡುತ್ತಾರೆ, ಸಾಕ್ಷಿ ಎಲ್ಲವನ್ನೂ ಅಲ್ಲಗಳೆಯುತ್ತಾನೆ, ಅಪರಾಧ ಅನುಮಾನಾತೀತವಾಗಿ ರುಜುವಾತಾಗುವುದಿಲ್ಲ.

ನ್ಯಾಯಾಧೀಶರಿಗೆ ಅಷ್ಟು ಸಾಕು. ರುಜುವಾತಾಯಿತೇ ಇಲ್ಲವೇ ಎಂಬುದಷ್ಟೇ ಅವರ ಮುಂದಿರುವ ಪ್ರಶ್ನೆ. ಆ ಮನುಷ್ಯ ಏಕೆ ತಿರುಗಿದ ಎಂಬುದನ್ನು ತೀರ್ಪು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ನಿಜಕ್ಕೂ ತಿರುಗಿದನೇ ಎಂಬುದೂ ಕಡತದಿಂದ ತಿಳಿಯುವುದಿಲ್ಲ. ತನಿಖೆಯ ಹೊತ್ತಿನಲ್ಲಿ ದಾಖಲಾಗುವ ಹೇಳಿಕೆಯನ್ನು ಬರೆಯುವವರು ಪೊಲೀಸರು, ಸಾಕ್ಷಿಯ ಸಹಿಯನ್ನು ಕಾನೂನೇ ಅದಕ್ಕೆ ಬೇಡವೆನ್ನುತ್ತದೆ. ಆಡದ ಮಾತನ್ನು ಬರೆದುಕೊಂಡಿದ್ದರೆ ನ್ಯಾಯಾಲಯದಲ್ಲಿ “ನಾನು ಹಾಗೆ ಹೇಳಿಲ್ಲ” ಎಂದವನು ಸತ್ಯವಂತ. ಹೆದರಿ ಹಾಗೆಂದವನೂ ಅದೇ ಮಾತನ್ನೇ ಹೇಳುತ್ತಾನೆ. ಕಡತದಲ್ಲಿ ಇಬ್ಬರೂ ಒಂದೇ.

ಕಂಬಾಲಪಲ್ಲಿಯನ್ನು ನೆನೆಯದೆ ನಮ್ಮ ಭಾಗದಲ್ಲಿ ಈ ಮಾತನ್ನು ಮುಂದುವರಿಸಲಾಗದು. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಸಜೀವವಾಗಿ ಸುಡಲಾಯಿತು. ಸಾಕ್ಷಿಗಳು ಪ್ರತಿಕೂಲವಾದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಏಳು ಜನ ಬೂದಿಯಾದರು, ಕೊಂದವರು ಯಾರೆಂದು ಕಾನೂನಿಗೆ ಇಂದಿಗೂ ಗೊತ್ತಿಲ್ಲ. ಇದನ್ನು ಬರಿಯ ತೀರ್ಪಿನ ಪ್ರತಿ ಓದಿ ಅರ್ಥ ಮಾಡಿಕೊಳ್ಳುತ್ತೇನೆ ಎನ್ನುವ ವಿದ್ವಾಂಸನಿಗೆ ನನ್ನ ದೊಡ್ಡ ನಮಸ್ಕಾರ.

ಭಾಷೆಯ ಮಾತು ಬೇರೆಯೇ ಇದೆ. ಬಾಗೇಪಲ್ಲಿ, ಶ್ರೀನಿವಾಸಪುರ, ನಮ್ಮ ಪಾವಗಡ, ಎಲ್ಲಿ ನೋಡಿದರೂ ಮನೆಮಾತು ತೆಲುಗಾಗಿರುವ ಜನರಿದ್ದಾರೆ. ತೆಲುಗಿನಲ್ಲಿ ಆಡಿದ ಮಾತು ಠಾಣೆಯ ಕನ್ನಡಕ್ಕೆ ಇಳಿದು, ಮೇಲಿನ ನ್ಯಾಯಾಲಯಕ್ಕೆ ಇಂಗ್ಲಿಷಿನಲ್ಲಿ ಹೋಗುತ್ತದೆ. ಈ ಸೋಸುವಿಕೆಯಲ್ಲಿ ಉಳಿದದ್ದೆಷ್ಟು, ಹೋದದ್ದೆಷ್ಟು ಎಂಬುದನ್ನು ಮೊದಲು ಆಡಿದವನೇ ಹೇಳಬೇಕು.

ಕೇಳದೆ ಮಾಡಿದ ನೀತಿ ಹೇಗಿರುತ್ತದೆ ನೋಡಿ. ಸುಪ್ರೀಂ ಕೋರ್ಟು 2018ರ ಡಿಸೆಂಬರಿನಲ್ಲಿ ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬೇಕು, ಪೊಲೀಸರು ಬೆದರಿಕೆಯ ವರದಿ ಕೊಡಬೇಕು, ರಕ್ಷಣೆ ಒಂದು ಸಲಕ್ಕೆ ಹೆಚ್ಚೆಂದರೆ ಮೂರು ತಿಂಗಳು. ಒಳ್ಳೆಯದೇ. ಆದರೆ ಪಾವಗಡದ ಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ಬಸ್ಸಿನಲ್ಲಿ ತುಮಕೂರಿಗೆ ಬಂದು, ವಾಯಿದೆ ಹಾಕಿಸಿಕೊಂಡು ಹಿಂತಿರುಗುವ ಕೂಲಿಯವನಿಗೆ ಯಾರ ಬೆದರಿಕೆಯೂ ಇರಬೇಕಿಲ್ಲ. ಕಳೆದ ಕೂಲಿಯೇ ಬೆದರಿಕೆ. ಸಾಲ ಕೊಟ್ಟವನು, ಕಣದ ಕೆಲಸ ಕೊಡುವವನು, ಹಬ್ಬಕ್ಕೆ ಮುಂಚೆ ರಾಜಿ ಮಾಡಿಸಿದ ಹಿರಿಯರು, ಇವರಾರೂ ಪೊಲೀಸರ ವರದಿಯ ನಮೂನೆಯಲ್ಲಿ ಹಿಡಿಸುವುದಿಲ್ಲ.

ಅಪಾಯವಿದೆಯೇ? ಇದೆ. ಆದರೆ ಅಪಾಯವಿದೆಯೆಂದು ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ಜೈಲಿನ ಬಾಗಿಲಲ್ಲೇ ನಿಂತಿದ್ದರೆ, 2016ರ ಅವರ ಮರಣದಂಡನೆ ವರದಿ ಹುಟ್ಟುತ್ತಿರಲಿಲ್ಲ. ಗಲ್ಲಿಗೆ ಗುರಿಯಾದ 373 ಕೈದಿಗಳನ್ನು ಮಾತನಾಡಿಸಿದ್ದರಿಂದಲೇ, ಅವರಲ್ಲಿ ಮುಕ್ಕಾಲು ಪಾಲು ಬಡವರೆಂಬುದು ಕಾಗದದ ಮೇಲೆ ಬಂತು. ಯಾವ ತೀರ್ಪೂ ಅದನ್ನು ಬರೆದಿರಲಿಲ್ಲ.

ವಿರೋಧ: ಸಂಶೋಧಕನಿಗೆ ಸಂಜೆಯ ಬಸ್ಸಿದೆ

ಮೇಷ್ಟರ ಮಾತು ಕೇಳಲು ಚೆನ್ನಾಗಿದೆ. ವಕೀಲಿಕೆ ಮಾಡುತ್ತ ಚಿಂತಾಮಣಿಯ ನ್ಯಾಯಾಲಯದ ಕಟ್ಟೆಯ ಮೇಲೆ ಕಾಲ ಕಳೆದ ನನಗೆ ಒಂದೇ ಪ್ರಶ್ನೆ: ಸಾಕ್ಷಿ ಬಾಯಿ ಬಿಟ್ಟರೆ ಏನು ಹೇಳಬೇಕೆಂದು ಅವರು ಬಯಸುತ್ತಾರೆ? “ಹೌದು ಸ್ವಾಮಿ, ನಾನು ನೋಡಿದ್ದೆ, ನ್ಯಾಯಾಲಯದಲ್ಲಿ ಇಲ್ಲವೆಂದೆ.” ಇದನ್ನೇ ಅಲ್ಲವೇ? ಹಾಗೆಂದರೆ ಅವನು ಸುಳ್ಳು ಸಾಕ್ಷಿಯ ಅಪರಾಧವನ್ನು ಒಪ್ಪಿಕೊಂಡ ಹಾಗಾಯಿತು. ಹಳೆಯ ದಂಡ ಸಂಹಿತೆಯ 193ನೆಯ ಕಲಂ, ಈಗಿನ ನ್ಯಾಯ ಸಂಹಿತೆಯ 229, ಏಳು ವರ್ಷದವರೆಗೆ ಶಿಕ್ಷೆ. ಇಷ್ಟು ವರ್ಷ ಕಳೆಯಿತೆಂಬ ಕಾಲಮಿತಿಯ ಆಸರೆಯೂ ಇದಕ್ಕಿಲ್ಲ.

ಇನ್ನು ಆರೋಪಿಯನ್ನು ನೋಡಿ. ಖುಲಾಸೆ ಅಂತಿಮವಾದ ಮೇಲೆ ಅವನು ಅರಳಿಕಟ್ಟೆಯಲ್ಲಿ ಕೂತು “ನಾನೇ ಮಾಡಿದ್ದು” ಎಂದರೂ ಅದೇ ಅಪರಾಧಕ್ಕೆ ಅವನನ್ನು ಮತ್ತೆ ವಿಚಾರಣೆಗೆ ಗುರಿಪಡಿಸುವಂತಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯೂ ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನು ತಡೆಯುತ್ತವೆ. ಅಂದರೆ ಸತ್ಯ ಹೇಳಿದರೆ ಕೊಂದವನಿಗೆ ಭಯವಿಲ್ಲ, ಕಂಡವನಿಗಿದೆ. ಕಾನೂನು ಹೀಗಿರುವಾಗ ಟೇಪು ಹಿಡಿದು ಕಂಡವನ ಮನೆಗೇ ಹೋಗುವುದು ಯಾವ ಸೀಮೆಯ ಸಂಶೋಧನೆ?

ಹೆಸರು ಬರೆಯುವುದಿಲ್ಲ ಎನ್ನುತ್ತಾರೆ. ಕಕ್ಷಿದಾರ ನನಗೆ ಹೇಳಿದ್ದನ್ನು ನಾನು ಹೊರಗೆ ಹೇಳದಂತೆ ಸಾಕ್ಷ್ಯ ಕಾನೂನು ಕಾಪಾಡುತ್ತದೆ. ಗಂಡ ಹೆಂಡಿರ ಮಾತಿಗೂ ಕಾಪಿದೆ. ಸಂಶೋಧಕನಿಗೆ ಅಂಥದ್ದೊಂದು ಸಾಲೂ ಇಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಕಲಮಿನಡಿ ಬೇಕಾದ ದಾಖಲೆಯನ್ನು, ಮೊಬೈಲನ್ನೂ ತಂದೊಪ್ಪಿಸೆಂದು ಕೇಳಬಹುದು. ಹೀಗೆಲ್ಲ ಆಗುತ್ತದೆಯೇ ಎಂದು ನಗುವವರಿಗೆ ಅಮೆರಿಕದ ಬಾಸ್ಟನ್ ಕಾಲೇಜಿನ ಕಥೆ ಹೇಳುತ್ತೇನೆ. ಉತ್ತರ ಐರ್ಲೆಂಡಿನ ಹಿಂಸಾಚಾರದಲ್ಲಿ ಪಾಲ್ಗೊಂಡವರ ಮಾತುಗಳನ್ನು, ಅವರು ಬದುಕಿರುವವರೆಗೆ ಹೊರಬಿಡುವುದಿಲ್ಲವೆಂದು ಮಾತು ಕೊಟ್ಟು ಧ್ವನಿಮುದ್ರಿಸಿಕೊಂಡಿದ್ದರು. 2011ರಲ್ಲಿ ಸಮನ್ಸ್ ಬಂತು, 2013ರಲ್ಲಿ ಟೇಪುಗಳು ಪೊಲೀಸರ ಕೈ ಸೇರಿದವು. ವಕೀಲರಿದ್ದ, ಹಣವಿದ್ದ ಕಾಲೇಜಿನ ಮಾತೇ ನಡೆಯಲಿಲ್ಲ. ಇಲ್ಲಿ ಮಾತು ಕೊಡುವವನು ಶಿಷ್ಯವೇತನಕ್ಕಾಗಿ ಕಾಯುತ್ತಿರುವ ಹುಡುಗ.

ಕಾನೂನು ಹಾಗಿರಲಿ, ಊರನ್ನು ನೋಡಿ. ಬೆಂಗಳೂರಿನ ನೋಂದಣಿಯ ಕಾರು ಕಾಲೊನಿಯ ಕಡೆ ತಿರುಗಿದರೆ ಅದು ನಿಲ್ಲುವ ಮೊದಲೇ ಊರಿಗೆ ಸುದ್ದಿ. ಯಾರ ಮನೆ, ಎಷ್ಟು ಹೊತ್ತು, ಏನು ಬರೆದುಕೊಂಡರು, ಎಲ್ಲವೂ ಹಾಲಿನ ಡೇರಿಯಲ್ಲಿ ಸಂಜೆಗೆ ಲೆಕ್ಕವಾಗುತ್ತದೆ. ಮರುದಿನ ಟೊಮೆಟೊ ತೋಟಕ್ಕೆ ಆಳು ಕರೆಯುವಾಗ ಆ ಮನೆಯವರನ್ನು ಕರೆಯದಿದ್ದರೆ, ಅದಕ್ಕೆ ಯಾವ ಕಲಂ? ಪ್ರಬಂಧದಲ್ಲಿ “ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ” ಎಂದು ಬರೆದರೆ ಗುಟ್ಟು ಉಳಿಯಿತೆಂದು ಅವರೆಣಿಕೆ. ಘಟನೆಯೇ ಊರಿನ ಹೆಸರು ಹೇಳುವಾಗ ಹೆಸರನ್ನು ಮುಚ್ಚಿ ಏನು ಫಲ? ಒಪ್ಪಿಗೆ ಪತ್ರವಂತೂ ಕೇಳಲೇಬೇಡಿ. ಹೆಬ್ಬೆಟ್ಟು ಒತ್ತಿದ ಕಾಗದದಿಂದಲೇ ನ್ಯಾಯಾಲಯಕ್ಕೆ ಅಲೆದವನ ಮುಂದೆ ಇನ್ನೊಂದು ಕಾಗದ ಹಿಡಿದು “ಇಲ್ಲಿ ಒತ್ತಿ, ನಿಮ್ಮ ರಕ್ಷಣೆಗೆ” ಎನ್ನುತ್ತಾರೆ.

ಜೈಲಿನ ಕೈದಿಗಳ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ಗಲ್ಲು ಶಿಕ್ಷೆಯಾದವನಿಗೆ ತನ್ನ ಕಥೆ ಹೇಳಿಕೊಂಡರೆ ಒಂದಿಷ್ಟು ಲಾಭವಾದರೂ ಆದೀತು. ಸಾಕ್ಷಿಗೆ ಇರುವುದೆಲ್ಲ ನಷ್ಟದ ಬಾಬ್ತು.

ಸಂಶೋಧನೆಯೇ ಬೇಡವೆಂದು ನನ್ನ ಮಾತಲ್ಲ. ಅಧಿಕಾರ ಇರುವ ಕಡೆ ಹೋಗಿ. ತನಿಖಾಧಿಕಾರಿಗಳನ್ನು, ಅಭಿಯೋಜಕರನ್ನು, ನಿವೃತ್ತ ನ್ಯಾಯಾಧೀಶರನ್ನು ಕೇಳಿ. ನನ್ನನ್ನು ಕೇಳಿ, ಯಾವ ಕಕ್ಷಿದಾರನ ಗುಟ್ಟನ್ನೂ ಬಿಡದೆ, ಸಾಕ್ಷಿ ಹೇಗೆ ಸಡಿಲವಾಗುತ್ತಾನೆಂದು ಒಂದು ದಿನವಿಡೀ ಹೇಳಬಲ್ಲೆ. ಇಷ್ಟು ವರ್ಷಗಳಲ್ಲಿ ನನ್ನ ಕಚೇರಿಯ ಬಾಗಿಲು ತಟ್ಟಿದ ಸಂಶೋಧಕರು ಒಬ್ಬರೇ. ಅವರು ಬಂದದ್ದೂ ಸಾಕ್ಷಿಯ ವಿಳಾಸ ಕೇಳಲು.

ಕೊಡಲಿಲ್ಲ. ಟೀ ಕೊಟ್ಟು, ಆ ಹಳೆಯ ಪ್ರಕರಣದ ಆದೇಶ ಹಾಳೆಗಳ ನಕಲು ಪಡೆಯಲು ನ್ಯಾಯಾಲಯಕ್ಕೆ ಅರ್ಜಿ ಬರೆದುಕೊಟ್ಟೆ. ಆ ಹಾಳೆಗಳನ್ನು ಯಾರೂ ಓದುವುದಿಲ್ಲ. ಪ್ರತಿ ವಾಯಿದೆಗೂ ಮೂರು ಸಾಲು: ಯಾರು ಹಾಜರು, ಯಾರು ಗೈರು, ಮುಂದಿನ ದಿನಾಂಕ. ಅವರ ಮುಖದಲ್ಲಿ ನಿರಾಸೆ ಎದ್ದು ಕಾಣುತ್ತಿತ್ತು. ತಿಂಗಳ ಮೇಲೆ ಫೋನು ಬಂತು. “ಸಾರ್, ಆ ಸಾಕ್ಷಿ ಒಂಬತ್ತು ಸಲ ಬಂದಿದ್ದಾರೆ. ಒಂಬತ್ತು ಸಲವೂ ವಿಚಾರಣೆ ನಡೆಸದೆ ವಾಪಸು ಕಳುಹಿಸಿದ್ದಾರೆ. ಪ್ರತಿಕೂಲವಾಗಿರುವುದು ಹತ್ತನೆಯ ಸಲ.”