ಟೇಪ್ ಕಪ್ಪಾದ ಮಾತ್ರಕ್ಕೆ ಬ್ಯಾಕ್ಟೀರಿಯಾ ಸತ್ತಿದೆ ಅಂತಲ್ಲ

ಜರ್ಮನಿಗೆ ಬಂದು ಆರು ವರ್ಷ ಆಯ್ತು. ಅದಕ್ಕೂ ಮೊದಲು ಭಾರತದ ಒಂದು ಲ್ಯಾಬಿನಲ್ಲಿ ನಾಲ್ಕು ವರ್ಷ ಇದ್ದೆ. ಎರಡೂ ಕಡೆ ಕೆಲಸ ಒಂದೇ. ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಹೊರಗಿನ ಜೀನ್ ಸೇರಿಸಿ, ರಾತ್ರಿಯಿಡೀ ಶೇಕರಿನಲ್ಲಿ ಬೆಳೆಸಿ, ಬೇಕಾದ ಪ್ರೋಟೀನ್ ತೆಗೆದುಕೊಂಡು, ಉಳಿದದ್ದನ್ನು ಕೊಂದು ಬಿಸಾಡುವುದು. ನಾನು ಹೇಳಬೇಕು ಅಂತಿರೋದು ಈ ಕೊನೆಯ ಭಾಗದ ಬಗ್ಗೆ, ಕೊಂದು ಬಿಸಾಡುವುದರ ಬಗ್ಗೆ.

ಹೀಗೆ ಜೀನ್ ಬದಲಿಸಿದ ಜೀವಿಗಳ ಬಗ್ಗೆ ನಮ್ಮಲ್ಲಿ ಕಾನೂನೇ ಇಲ್ಲ ಅಂತ ಇಲ್ಲಿರುವ ನಮ್ಮವರೇ ಕೆಲವರು ಹೇಳ್ತಾರೆ. ಅದು ಸುಳ್ಳು. ಭಾರತದ ನಿಯಮಗಳು 1989ರಲ್ಲೇ ಬಂದವು, ಜರ್ಮನಿಯ ಕಾಯ್ದೆ ಬಂದಿದ್ದು 1990ರಲ್ಲಿ. ಇಂಥ ಕೆಲಸ ನಡೆಯುವ ಪ್ರತಿ ಸಂಸ್ಥೆಯಲ್ಲೂ ಜೈವಿಕ ಸುರಕ್ಷತಾ ಸಮಿತಿ ಇರಲೇಬೇಕು. 2017ರಲ್ಲಿ ಮಾರ್ಗಸೂಚಿಯನ್ನೂ ಹೊಸದಾಗಿ ತಂದಿದ್ದಾರೆ. ಕಾಗದದ ಮೇಲೆ ನಾವೇನೂ ಹಿಂದೆ ಬಿದ್ದಿಲ್ಲ.

ನಾನು ಕಂಡ ವ್ಯತ್ಯಾಸ ಇರೋದು ಆಟೋಕ್ಲೇವ್ ಹತ್ತಿರ, ಅಂದರೆ ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯಂತ್ರದ ಹತ್ತಿರ.

ಹಳೆಯ ಲ್ಯಾಬಿನಲ್ಲಿ ಪ್ಲೇಟು, ಟಿಪ್ಪು, ಗ್ಲೌಸು ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿ, ಬಾಯಿ ಬಿಗಿಯಾಗಿ ಕಟ್ಟಿ, ಬಿಸಿ ತಾಗಿದರೆ ಗೆರೆ ಕಪ್ಪಾಗುವ ಒಂದು ಟೇಪ್ ಮೇಲೆ ಅಂಟಿಸಿ ಒಳಗಿಡುತ್ತಿದ್ದೆವು. 121 ಡಿಗ್ರಿ, 20 ನಿಮಿಷ. ಟೇಪಿನ ಗೆರೆ ಕಪ್ಪಾದರೆ ಕೆಲಸ ಮುಗೀತು. ಆದರೆ ಅಲ್ಲಿ ಕೊಲ್ಲುವುದು ಹಬೆ. ಬಾಯಿ ಬಿಗಿದರೆ ಒಳಗಿನ ಗಾಳಿ ಹೊರಗೆ ಬರಲ್ಲ, ಹಬೆ ಒಳಗೆ ಹೋಗಲ್ಲ, ಚೀಲದ ನಡುಭಾಗ ಅಷ್ಟು ಬಿಸಿಯೇ ಆಗದೆ ಉಳಿದುಬಿಡಬಹುದು. ಟೇಪ್ ಹೇಳೋದು ಚೀಲದ ಹೊರಮೈಗೆ ಬಿಸಿ ತಾಗಿದೆ ಅಂತ ಮಾತ್ರ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ.

ಆ ಚೀಲಗಳನ್ನು ಬೆಳಿಗ್ಗೆ ಹೊರಗೆ ಹಾಕುತ್ತಿದ್ದವರು ನಮ್ಮ ಅಟೆಂಡರ್. ಎಲ್ಲರಿಗೂ ಅವರು ಅಣ್ಣ. ಗ್ಲೌಸ್ ಹಾಕುತ್ತಿರಲಿಲ್ಲ, ಯಾರೂ ಕೊಟ್ಟೇ ಇರಲಿಲ್ಲ. ಒಂದು ದಿನ ಚೀಲದ ತಳ ಹರಿದು ಕಂದು ನೀರು ಅವರ ಮಣಿಕಟ್ಟಿನಿಂದ ಮೊಣಕೈವರೆಗೂ ಇಳಿಯಿತು. ಕೈ ತೊಳೆದು ಬಂದು ಕೇಳಿದರು, "ಸಾರ್, ಇದರಲ್ಲಿ ಏನಿತ್ತು?"

"ಏನೂ ಆಗಲ್ಲ ಅಣ್ಣ, ಎಲ್ಲ ಸತ್ತಿರುತ್ತೆ" ಅಂದೆ.

ಅವರಿಗೆ ಏನೂ ಆಗಲಿಲ್ಲ. ಆದರೆ ಸತ್ತಿತ್ತಾ ಇಲ್ವಾ ಅಂತ ನೋಡದೇ ಆ ಮಾತು ಹೇಳಿದ್ದೆ.

ಇಲ್ಲಿ ಮೊದಲ ವಾರದ ಸುರಕ್ಷತಾ ಪಾಠದಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಲ್ಯಾಬ್ ಗುಡಿಸುವ ಹೆಂಗಸು. ಅದೇ ಪಾಠ, ಕೊನೆಗೆ ಅದೇ ಹಾಳೆಯಲ್ಲಿ ಇಬ್ಬರದೂ ಸಹಿ. ವರ್ಷಕ್ಕೊಮ್ಮೆ ಮತ್ತೆ ಕೂರಬೇಕು. ನನಗಿಂತ ಜಾಸ್ತಿ ಪ್ರಶ್ನೆ ಕೇಳಿದ್ದು ಅವರೇ.

ಚೀಲದ ಬಾಯಿ ಸಡಿಲ ಇರಬೇಕು, ಮುಕ್ಕಾಲಿಗಿಂತ ಜಾಸ್ತಿ ತುಂಬಬಾರದು. ಆಗಾಗ ಚೀಲದ ನಡುವೆ ಒಂದು ಪುಟ್ಟ ಸೀಸೆ ಇಡುತ್ತೇವೆ. ಅದರಲ್ಲಿ ಬಿಸಿಗೆ ಸುಲಭಕ್ಕೆ ಸಾಯದ ಜಿಯೋಬ್ಯಾಸಿಲಸ್ ಬ್ಯಾಕ್ಟೀರಿಯಾದ ಬೀಜಕಣಗಳು, ನೇರಳೆ ಬಣ್ಣದ ದ್ರವ. ಆಟೋಕ್ಲೇವ್ ಆದಮೇಲೆ ಸುಮಾರು 60 ಡಿಗ್ರಿಯಲ್ಲಿ ಒಂದೆರಡು ದಿನ ಇಟ್ಟು ನೋಡಬೇಕು. ನೇರಳೆ ಉಳಿದರೆ ಸತ್ತಿವೆ, ಹಳದಿಗೆ ತಿರುಗಿದರೆ ಬದುಕಿವೆ. ಹಳೇ ಅಭ್ಯಾಸದಲ್ಲಿ ತುರುಕಿ ಕಟ್ಟಿದ ನನ್ನ ಮೊದಲ ಚೀಲದ ಸೀಸೆ ಮರುದಿನ ಹಳದಿಯಾಗಿತ್ತು. ಟೇಪ್ ಮಾತ್ರ ಚೆನ್ನಾಗಿ ಕಪ್ಪಾಗಿತ್ತು. ಆ ಸೀಸೆ ಕೈಯಲ್ಲಿ ಹಿಡಿದಾಗ ನನಗೆ ನೆನಪಾಗಿದ್ದು ಅಣ್ಣನ ಮೊಣಕೈ.

"ಕೆ-12 ತಾನೇ, ಅದರಿಂದ ಏನಾಗುತ್ತೆ?" ಅನ್ನೋ ಮಾತು ಎರಡೂ ದೇಶದಲ್ಲಿ ಕೇಳಿದ್ದೇನೆ. ಕೆ-12 ಅಂದರೆ ಲ್ಯಾಬುಗಳಲ್ಲಿ ಬಳಸುವ ಇ. ಕೋಲಿಯ ಒಂದು ತಳಿ. ನಿಜ, 1922ರಲ್ಲಿ ಒಬ್ಬ ರೋಗಿಯಿಂದ ತೆಗೆದ ಈ ತಳಿ ಇಷ್ಟು ವರ್ಷ ಲ್ಯಾಬಿನಲ್ಲೇ ಬೆಳೆದು ನಮ್ಮ ಕರುಳಿನಲ್ಲಿ ನೆಲೆಯೂರುವ ಶಕ್ತಿಯನ್ನೇ ಕಳೆದುಕೊಂಡಿದೆ. ಅಪಾಯ ತುಂಬಾ ಕಡಿಮೆ, ಒಪ್ಪುತ್ತೇನೆ. ಆದರೆ ಹೊರಗಿನ ಜೀನ್ ಹೊತ್ತು ಬ್ಯಾಕ್ಟೀರಿಯಾದೊಳಗೆ ಹೋಗುವ ಪುಟ್ಟ ಡಿಎನ್ಎ ಉಂಗುರದಲ್ಲಿ, ಅಂದರೆ ಪ್ಲಾಸ್ಮಿಡ್‌ನಲ್ಲಿ, ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಆ್ಯಂಟಿಬಯೋಟಿಕ್‌ಗೆ ಬಗ್ಗದಂತೆ ಮಾಡುವ ಜೀನ್ ಕೂಡ ಇರುತ್ತೆ, ಅದು ಚರಂಡಿ ಸೇರುವುದು ಬೇಡ ಅಲ್ವಾ? ದುರ್ಬಲ ತಳಿ ಅಂತ ನಂಬಿಕೊಂಡು ಕೂರುವುದೂ ಸರಿಯಲ್ಲ. 2009ರಲ್ಲಿ ಷಿಕಾಗೋದಲ್ಲಿ ಒಬ್ಬ ವಿಜ್ಞಾನಿ ಪ್ಲೇಗ್ ಬ್ಯಾಕ್ಟೀರಿಯಾದ ದುರ್ಬಲ ತಳಿಯಿಂದಲೇ ತೀರಿಕೊಂಡರು. ಆ ತಳಿಗೆ ಕಬ್ಬಿಣಾಂಶ ಹೀರುವ ಶಕ್ತಿ ಕಡಿಮೆ ಇತ್ತು, ಅದು ದುರ್ಬಲ ಆಗಿದ್ದೇ ಅದಕ್ಕೆ. ಅವರ ಮೈಯಲ್ಲಿ ವಂಶಪಾರಂಪರ್ಯವಾಗಿ ಬಂದ ತೊಂದರೆಯಿಂದ ಕಬ್ಬಿಣಾಂಶ ಜಾಸ್ತಿ ಇತ್ತು, ಬಹುಶಃ ಅದೇ ಆ ಕೊರತೆ ತುಂಬಿತು. ಆ ತೊಂದರೆ ಗೊತ್ತಾಗಿದ್ದು ಸತ್ತ ಮೇಲೆ. ಚೀಲ ಎತ್ತುವವರ ಮೈಯಲ್ಲಿ ಏನಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು?

ಇಲ್ಲಿನದೆಲ್ಲ ಮೇಲು ಅಂತ ಹೇಳುತ್ತಿಲ್ಲ. ಕಾಗದದ ಕೆಲಸ ವಿಪರೀತ. ಹಳೆಯ ಲ್ಯಾಬಿನಲ್ಲಿ ಸೀನಿಯರ್ ಪಕ್ಕದಲ್ಲೇ ನಿಂತು, ಪಿಪೆಟ್ ಹಿಡಿದ ಬೆರಳು ತಿದ್ದಿ ಕಲಿಸಿದ್ದರು. ಆ ಪ್ರೀತಿ ಇಲ್ಲಿ ಸಿಕ್ಕಿಲ್ಲ. ಅಷ್ಟು ಅಕ್ಕರೆಯಿಂದ ಕಲಿಸುವವರು ಆಟೋಕ್ಲೇವ್ ಪಕ್ಕದಲ್ಲೂ ಐದು ನಿಮಿಷ ನಿಲ್ಲಬಹುದು.

ಊರ ಕಡೆ ಲ್ಯಾಬಿನಲ್ಲಿರುವ ಗೆಳೆಯರೇ, ಈ ವಾರ ಚೀಲದ ನಡುವೆ ಒಂದು ಸೀಸೆ ಇಟ್ಟು ನೋಡಿ. ಹಳದಿ ಬಂದರೆ ಫೋಟೋ ತೆಗೆದು ನಿಮ್ಮ ಸಮಿತಿಗೆ ಕಳಿಸಿ. ಉತ್ತರ ಬರುವವರೆಗೂ ಕಾಯದೆ, ಚೀಲ ಎತ್ತುವವರ ಕೈಗೆ ಅವತ್ತೇ ಒಂದು ಜೊತೆ ದಪ್ಪ ಗ್ಲೌಸ್ ಕೊಡಿ, ಒಳಗೆ ಏನಿದೆ ಅಂತಲೂ ಹೇಳಿ.