ಸೈಕಲ್ ಕೋರೆಯೊಳಗೆ ಇರಲಿ, ಪಾದೆಯ ಮೇಲೆ ಬೇಡ

ಕಳೆದ ಭಾನುವಾರ ಸೈಕಲ್ ಸಮೇತ ಬಿದ್ದೆ. ಮೊಣಕೈ ಚರ್ಮ ಕಿತ್ತುಹೋಗಿದೆ, ಎಡ ಮಂಡಿ ಊದಿದೆ. ಈಗ ಕುಂಟುತ್ತಾ ನಡೆಯುತ್ತಿದ್ದೇನೆ. ಅಮ್ಮನಿಗೆ ಮಂಡಿಗಿಂತ ಅಂಗಿಯದೇ ಚಿಂತೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕೆಂಪು ಎಷ್ಟು ಒಗೆದರೂ ಹೋಗುವುದಿಲ್ಲ ಎಂದು ನಮ್ಮ ಕಡೆಯ ಎಲ್ಲ ಅಮ್ಮಂದಿರಿಗೂ ಗೊತ್ತು.

ಬಿದ್ದದ್ದು ನಮ್ಮ ಮನೆ ಮೇಲಿನ ಗುಡ್ಡೆಯ ಹಳೆಯ ಕೋರೆಯಲ್ಲಿ, ಅಂದರೆ ಕಲ್ಲು ಕಡಿದ ಗುಂಡಿಯಲ್ಲಿ. ಕಾಸರಗೋಡಿನ ಪೆರ್ಲದಿಂದ ಒಳಗೆ ಬರಬೇಕು. ಅಲ್ಲಿ ಕಲ್ಲು ಕಡಿಯುವುದು ನಿಂತು ಸುಮಾರು 15 ವರ್ಷವಾಯಿತು. ಗೋಡೆಗಳು ಕತ್ತಿಯಲ್ಲಿ ಕೊಯ್ದ ಬರ್ಫಿಯ ಹಾಗೆ ನೇರ. ಯಂತ್ರದ ಹಲ್ಲು ಎಳೆದ ಗೆರೆ ಇನ್ನೂ ಮಾಸಿಲ್ಲ. ಒಂದು ಬದಿಯಲ್ಲಿ ಲಾರಿ ಇಳಿಯುತ್ತಿದ್ದ ಓರೆ ದಾರಿ, ಮಧ್ಯೆ ಮೆಟ್ಟಿಲು ಮೆಟ್ಟಿಲಾಗಿ ಬಿಟ್ಟ ಕಲ್ಲು, ಮೂಲೆಯಲ್ಲಿ ತಾನಾಗಿ ಬೆಳೆದ ಅಕೇಶಿಯಾ. ಸೈಕಲ್ ತುಳಿಯುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ ಮಾರಾಯ್ರೆ! ಮೂರು ವರ್ಷದಿಂದ ನಾನು ಮತ್ತು ಊರಿನ ಏಳೆಂಟು ಮಕ್ಕಳು ವಾರಕ್ಕೊಮ್ಮೆ ಅಲ್ಲಿ ಸುತ್ತುತ್ತೇವೆ. ನನ್ನದು ಗೇರ್ ಸೈಕಲ್. ಮಕ್ಕಳದ್ದು ಅಣ್ಣನದ್ದು, ಅಕ್ಕನದ್ದು, ಶಾಲೆಯಿಂದ ಸಿಕ್ಕಿದ್ದು, ಬ್ರೇಕ್ ಇಲ್ಲದ್ದು.

ನಾನು ಬಿದ್ದ ಕಾರಣ ಕೇಳಿದರೆ ಅದೇ ಮಕ್ಕಳು ಹೇಳುತ್ತಾರೆ. ಕೋರೆಯ ನೆಲ ಗಟ್ಟಿ. ಅದರ ಮೇಲೆ ಮುರದ ಸಣ್ಣ ಹರಳು ಹರಡಿರುತ್ತದೆ. ಸಿಮೆಂಟ್ ನೆಲದಲ್ಲಿ ಕಡಲೆ ಚೆಲ್ಲಿದ ಹಾಗೆ. ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಮುಗಿಯಿತು. ಇದನ್ನು ಅವರಿಗೆ ಕಲಿಸಿದವನೇ ನಾನು.

ಆದರೆ ಇಷ್ಟುದ್ದ ಬರೆಯುವುದಕ್ಕೆ ಕಾರಣ ಮಂಡಿಯಲ್ಲ, ಒಂದು ಫೋಟೋ.

ಎರಡು ವರ್ಷದ ಹಿಂದೆ ನನ್ನ ಇದೇ ಪುಟದಲ್ಲಿ ಮಕ್ಕಳು ಕೋರೆಯಲ್ಲಿ ಸೈಕಲ್ ತುಳಿಯುವ ಒಂದು ಫೋಟೋ ಹಾಕಿದ್ದೆ. ಬಿಸಿಲು ಇಳಿಯುವ ಹೊತ್ತು, ಕೆಂಪು ಗೋಡೆ, ಎದ್ದ ಧೂಳು. ಚೆನ್ನಾಗಿ ಬಂದಿತ್ತು. ತುಂಬಾ ಜನ ಶೇರ್ ಮಾಡಿದ್ದಿರಿ. ಕಳೆದ ತಿಂಗಳು ಪಕ್ಕದ ಪದವಿನಲ್ಲಿ, ಗುಡ್ಡೆಯ ಮೇಲಿನ ಬಯಲಿನಲ್ಲಿ, ಹೊಸ ಕೋರೆ ತೆರೆಯುವ ಮಾತು ಬಂತು. ಊರವರನ್ನು ಒಪ್ಪಿಸಲು ಒಬ್ಬರು ಬಂದರು. ಯಾರೆಂದು ಹೇಳುವುದಿಲ್ಲ, ಬೇಡ. ಅವರು ಮೊಬೈಲ್ ತೆಗೆದು ತೋರಿಸಿದ್ದು ನನ್ನದೇ ಫೋಟೋ! ‘ಕಲ್ಲು ತೆಗೆದ ಮೇಲೆ ಜಾಗ ಹಾಳಾಗ್ತದೆ ಅಂತ ಯಾರು ಹೇಳಿದ್ದು? ನೋಡಿ, ನಿಮ್ಮ ಮಕ್ಕಳೇ ಆಡ್ತಿದ್ದಾರೆ. ನಾವು ಮುಗಿಸಿದ ಮೇಲೆ ಸೈಕಲ್ ಪಾರ್ಕ್ ಮಾಡಿಕೊಡ್ತೇವೆ, ಟೂರಿಸಂ ಬರ್ತದೆ’ ಎಂದರು. ಕೆಲವರು ತಲೆ ಅಲ್ಲಾಡಿಸಿದರು. ಒಬ್ಬರು ನನ್ನ ಕಡೆ ತಿರುಗಿ ‘ನಿಮಗೆ ಖುಷಿಯಲ್ವಾ?’ ಎಂದು ಕೇಳಿದರು. ನನಗೆ ಮಾತೇ ಹೊರಡಲಿಲ್ಲ. ಅಲ್ಲಿ ಹೇಳಲಾಗದ್ದನ್ನು ಈಗ ಹೇಳುತ್ತಿದ್ದೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಫೋಟೋದ ಜೊತೆ ಅಮೆರಿಕದ ಕಯೂನಾ ಎಂಬ ಜಾಗದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮಿನ್ನೆಸೋಟ ರಾಜ್ಯದಲ್ಲಿ ಕ್ರಾಸ್ಬಿ ಎಂಬ ಸಣ್ಣ ಪೇಟೆಯ ಹತ್ತಿರ ಅದು ಇದೆ. ಅಲ್ಲಿ ಕಬ್ಬಿಣದ ಅದಿರಿನ ಗಣಿಗಳಿದ್ದವು. ಈಗ ಗಣಿ ಗುಂಡಿಗಳಲ್ಲಿ ನೀರು ತುಂಬಿ ಕೆರೆಗಳಾಗಿವೆ. ಅವುಗಳ ದಡದಲ್ಲಿ, ಹಳೆಯ ಮಣ್ಣಿನ ದಿಬ್ಬಗಳ ಮೇಲೆ ಸೈಕಲ್ ದಾರಿಗಳಿವೆ. ಮಣ್ಣು ನಮ್ಮದರ ಹಾಗೇ ಕೆಂಪು. ಹೋದವರೆಲ್ಲ ಕೆಂಪಾಗಿ ವಾಪಸ್ ಬರುತ್ತಾರೆ. ಅದನ್ನು ನೋಡಿ ನನಗೆ ನಮ್ಮ ಊರೇ ನೆನಪಾಗಿತ್ತು. ಸುಮ್ನೆ ಹೊಗಳಿ ಬರೆದುಬಿಟ್ಟೆ. ಪೂರ್ತಿ ಕಥೆ ಬರೆಯಲಿಲ್ಲ.

ಪೂರ್ತಿ ಕಥೆ ಹೀಗಿದೆ. ಕಯೂನಾದಲ್ಲಿ ಗಣಿ ಕೆಲಸ ಮುಗಿದದ್ದು 1984ರಲ್ಲಿ. ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದ ವರ್ಷವೂ ಅದೇ. ಅದನ್ನು ಸಾರ್ವಜನಿಕ ವಿಹಾರದ ಜಾಗ ಎಂದು ಸರ್ಕಾರ ಘೋಷಿಸಿದ್ದು 1993ರಲ್ಲಿ. ಸುಮಾರು 40 ಕಿಲೋಮೀಟರ್ ಸೈಕಲ್ ದಾರಿ ತೆರೆದದ್ದು 2011ರಲ್ಲಿ. ಗಣಿ ನಿಂತ ಮೇಲೆ 27 ವರ್ಷ! ಅಷ್ಟು ಕಾಲ ಮರಗಳು ತಾವಾಗಿ ಬೆಳೆದವು. ‘ಮುಂದೆ ಸೈಕಲ್ ಬರ್ತದೆ’ ಎಂದು ಅಲ್ಲಿ ಯಾರೂ ಗುಂಡಿ ತೋಡಿರಲಿಲ್ಲ. ಗಣಿ ಮುಚ್ಚಿ ಕೆಲಸ ಹೋದ ಊರು, ಉಳಿದದ್ದರಲ್ಲಿ ಏನಾದರೂ ಮಾಡಿಕೊಂಡಿತು, ಅಷ್ಟೆ.

ಅದೇ ಊರಿನ ಹತ್ತಿರ ಮಿಲ್ಫರ್ಡ್ ಎಂಬ ಗಣಿ ಇತ್ತು. 1924ರ ಫೆಬ್ರವರಿ 5ರಂದು ಪಕ್ಕದ ಕೆರೆಯ ನೀರು, ಕೆಸರು ಒಳಗೆ ನುಗ್ಗಿತು. 41 ಕಾರ್ಮಿಕರು ಸತ್ತರು. ಬದುಕಿ ಮೇಲೆ ಬಂದದ್ದು ಏಳೇ ಜನ. ಈಗ ಅಲ್ಲಿ ಅವರ ನೆನಪಿಗೆ ಒಂದು ಪಾರ್ಕ್ ಇದೆ. ಆಸ್ಟ್ರೇಲಿಯದ ಟಾಸ್ಮೇನಿಯಾದಲ್ಲಿ ಡರ್ಬಿ ಎಂಬ ಊರು. ಹಳೆಯ ತವರದ ಗಣಿ. 2015ರಲ್ಲಿ ಸೈಕಲ್ ದಾರಿಗಳು ತೆರೆದವು, ಈಗ ಲೋಕದ ಎಲ್ಲ ಕಡೆಯಿಂದ ಜನ ಬರುತ್ತಾರೆ. ಅಲ್ಲಿಯೂ 1929ರಲ್ಲಿ ಗಣಿಯ ಅಣೆಕಟ್ಟು ಒಡೆದು 14 ಜನ ಸತ್ತಿದ್ದರು. ಇಂಥ ಜಾಗದಲ್ಲಿ ಸೈಕಲ್ ತುಳಿಯುವುದು ತಪ್ಪು ಎಂದು ನನಗೆ ಅನಿಸುವುದಿಲ್ಲ. ಮೂರು ವರ್ಷದಿಂದ ನಾನೇ ತುಳಿಯುತ್ತಿದ್ದೇನಲ್ಲ. ಆದರೆ ಆ ಖುಷಿಯನ್ನು ಮುಂದಿನ ಗುಂಡಿಗೆ ಲೈಸೆನ್ಸ್ ಮಾಡಿಕೊಂಡರೆ ಹೇಗೆ?

ನಾನೂ ಪೂರ್ತಿ ಸಾಚಾ ಅಲ್ಲ. ನಮ್ಮ ಮನೆಯ ಗೋಡೆ ಬಂದದ್ದು ಅದೇ ಕೋರೆಯಿಂದ. ದನದ ಹಟ್ಟಿ, ಬಾವಿಯ ಕಟ್ಟೆ, ತೋಟದ ಅಗಳಿನ (ಗಡಿ ಕಂದಕದ) ಬದಿ ಎಲ್ಲ ಅದೇ ಕಲ್ಲು. ಅಪ್ಪ ಲೆಕ್ಕ ಮಾಡಿ ಲೋಡುಗಟ್ಟಲೆ ತರಿಸಿದ್ದು ನನಗೆ ನೆನಪಿದೆ. ಕಡಿದಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಇಂಥ ಕಲ್ಲು ಬೇರೆ ಎಲ್ಲಿ ಸಿಗುತ್ತದೆ? ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯರು ಮಲಬಾರಿನ ಅಂಗಾಡಿಪುರದ ಕಲ್ಲು ನೋಡಿ, 1807ರ ಪುಸ್ತಕದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟರು. ಲ್ಯಾಟಿನ್ನಿನ ‘ಲ್ಯಾಟರ್’ ಎಂದರೆ ಇಟ್ಟಿಗೆ. ಅದಕ್ಕೂ ಎಷ್ಟೋ ಮೊದಲು, 1650ರ ಸುಮಾರಿಗೆ, ಕೆಳದಿಯ ಶಿವಪ್ಪ ನಾಯಕ ಇದೇ ಕಲ್ಲಲ್ಲಿ ಬೇಕಲ ಕೋಟೆ ಕಟ್ಟಿಸಿದ್ದ. ಹಾಗಾಗಿ ಕಲ್ಲೇ ಕಡಿಯಬೇಡಿ ಎಂದು ಹೇಳುವ ಮುಖ ನನಗಿಲ್ಲ. ಎಲ್ಲಿ ಕಡಿಯುತ್ತೀರಿ, ಎಷ್ಟು ಕಡಿಯುತ್ತೀರಿ, ಕಡಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳುವ ಹಕ್ಕು ಇದೆ.

ಕಡಿಯದ ಪಾದೆಗೆ, ಅಂದರೆ ಗುಡ್ಡೆಯ ಬಯಲು ಬಂಡೆಗೆ, ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಿ. ಮಾರ್ಚ್ ತಿಂಗಳಲ್ಲಿ ಕಾದ ಕಾವಲಿಯಂತೆ ಇದ್ದದ್ದು ಜುಲೈಗೆ ಬೇರೆಯೇ ಲೋಕ. ತಗ್ಗುಗಳಲ್ಲೆಲ್ಲ ನೀರು ನಿಂತು ಪಳ್ಳ. ಪಳ್ಳದಲ್ಲಿ ಕಪ್ಪೆ ಮರಿಗಳು. ಬೆರಳಷ್ಟು ದಪ್ಪದ ಮಣ್ಣಿನಲ್ಲಿ ಮುಳಿಹುಲ್ಲು, ಅಂಗಿಯ ಬಿಳಿ ಗುಂಡಿಯಂಥ ಸಣ್ಣ ಹೂ, ನೀಲಿ ಹೂವಿನ ಹಾಸು. ಓಣಂ ಹೊತ್ತಿಗೆ ನಮ್ಮ ಮಲಯಾಳಿ ನೆರೆಯವರ ಮಕ್ಕಳು ಆ ನೀಲಿ ಹೂವನ್ನು ಪೂಕ್ಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ, ಕೊಯ್ಯಲು ಬರುತ್ತಾರೆ. ಕಾಕ್ಕಪೂವು ಎನ್ನುತ್ತಾರೆ. ನೋಡಲು ಪಾಪದ ಹೂ. ಆದರೆ ಹುಳ ತಿನ್ನುವ ಗಿಡ ಅದು! ಬುಡದಲ್ಲಿರುವ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಚೀಲಗಳಲ್ಲಿ ನೀರಿನ ಹುಳಗಳನ್ನು ಹಿಡಿಯುತ್ತದೆ. ಮಣ್ಣಿನಲ್ಲಿ ಸತ್ವ ಇಲ್ಲದ ಕಡೆ ಬದುಕಲು ಅದು ಕಂಡುಕೊಂಡ ಉಪಾಯ. ಇಷ್ಟೆಲ್ಲ ಇರುವ ಜಾಗಕ್ಕೆ ಕಾಗದಪತ್ರದಲ್ಲಿ ಹೆಚ್ಚಾಗಿ ಇರುವ ಹೆಸರು ಪಾಳುಭೂಮಿ.

ಅಲ್ಲಿ ಸೈಕಲ್ ತರಬೇಡಿ. ಮಂಗಳೂರಿನಿಂದ, ಬೆಂಗಳೂರಿನಿಂದ ಬರುವ ರೈಡರ್ ಗೆಳೆಯರಿಗೂ ಇದನ್ನೇ ಹೇಳುತ್ತೇನೆ. ಪಾದೆಯ ಮೇಲಿನ ಆ ತೆಳು ಮಣ್ಣು ಒಂದು ಟೈರಿಗೆ ಕಿತ್ತು ಬರುತ್ತದೆ. ಗೆರೆ ಬಿದ್ದಲ್ಲಿ ಮಳೆನೀರು ಹರಿಯುತ್ತದೆ, ನೀರು ಹರಿದಲ್ಲಿ ಹುಲ್ಲು ನಿಲ್ಲುವುದಿಲ್ಲ. ಟಿಟ್ಟಿಭ ಹಕ್ಕಿ ಅಲ್ಲೇ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಕಲ್ಲಿನ ಬಣ್ಣದ್ದೇ ಮೊಟ್ಟೆ, ನಮಗೆ ಕಾಣುವುದೂ ಇಲ್ಲ. ಕೋರೆ ಆದರೆ ಆಗಲೇ ಕಡಿದು ಆಗಿದೆ. ಅಲ್ಲಿ ನಮ್ಮ ಟೈರಿನಿಂದ ಹೊಸದಾಗಿ ಹಾಳಾಗುವುದು ಕಡಿಮೆ. ಅಲ್ಲಿಯೂ ಮಣ್ಣಿನ ಗೋಡೆಯಲ್ಲಿ ತೂತು ಕೊರೆದು ಕಳ್ಳಿಪೀರ ಹಕ್ಕಿ ಗೂಡು ಮಾಡುತ್ತದೆ. ಬೇಸಿಗೆಯಲ್ಲಿ ಆ ಮೂಲೆಗೆ ನಾವು ಹೋಗುವುದಿಲ್ಲ. ಮಕ್ಕಳೇ ಅಡ್ಡಲಾಗಿ ಹಗ್ಗ ಕಟ್ಟಿದ್ದಾರೆ.

ಇನ್ನು ನೀರಿನ ಮಾತು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಕಯೂನಾದಲ್ಲಿ ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚು ನಮಗೆ ಜುಲೈ ಒಂದರಲ್ಲೇ ಬೀಳುತ್ತದೆ. ಮುರಕಲ್ಲು ತೂತು ತೂತು ಇರುವ ಕಲ್ಲು. ಮೇಲೆ ಬಿದ್ದ ಮಳೆಯನ್ನು ಒಳಗೆ ಬಿಡುತ್ತದೆ. ಕೆಳಗೆ ಶೇಡಿ ಎಂಬ ಜೇಡಿಮಣ್ಣು. ಶೇಡಿ ನೀರನ್ನು ಸುಲಭಕ್ಕೆ ಇಳಿಯಲು ಬಿಡುವುದಿಲ್ಲ. ಹಾಗಾಗಿ ನೀರು ಅಡ್ಡಕ್ಕೆ ಸರಿಯುತ್ತದೆ. ಅದೇ ನೀರಿಗೆ ನಮ್ಮ ಹಿರಿಯರು ಗುಡ್ಡೆಗೆ ಅಡ್ಡಲಾಗಿ ಸುರಂಗ ಕೊರೆದರು. ಒಬ್ಬ ಆಳು ಬಗ್ಗಿ ಹೋಗುವಷ್ಟೇ ಅಗಲ, ಕೈಯಲ್ಲಿ ಪಿಕ್ಕಾಸು, ಪಕ್ಕದಲ್ಲಿ ದೀಪ. ನಮ್ಮ ವಾಣೀನಗರದ ಶ್ರೀ ಪಡ್ರೆಯವರು ಮಳೆನೀರಿನ ಬಗ್ಗೆ ದಶಕಗಳಿಂದ ಬರೆಯುತ್ತಲೇ ಇದ್ದಾರೆ, ನಾವು ಓದಿ ಲೈಕ್ ಒತ್ತುತ್ತಲೇ ಇದ್ದೇವೆ. ‘ಕೋರೆಯಲ್ಲಿ ನೀರು ನಿಲ್ತದಲ್ಲ, ಅದೂ ಒಳ್ಳೆಯದೇ ಅಲ್ವಾ’ ಎಂದು ಕೇಳುವವರಿದ್ದಾರೆ. ನಿಂತ ನೀರು ಬೇರೆ, ಇಂಗಿದ ನೀರು ಬೇರೆ. ಕಲ್ಲು ಪೂರ್ತಿ ತೆಗೆದು ಶೇಡಿಯವರೆಗೆ ಹೋದ ಗುಂಡಿ ಒಂದು ದೊಡ್ಡ ಬೋಗುಣಿ, ಅಷ್ಟೆ.

ಆ ಬೋಗುಣಿಯದ್ದೇ ನನಗೆ ಹೆದರಿಕೆ. ಕೋರೆಯ ನೀರಿಗೆ ಬಿದ್ದು ಮಕ್ಕಳು ಸತ್ತ ಸುದ್ದಿ ಮಳೆಗಾಲದಲ್ಲಿ ಎಷ್ಟು ಸಲ ಓದಿಲ್ಲ ನಾವು? ಕೆರೆಗೆ ದಂಡೆ ಇರುತ್ತದೆ, ನಿಧಾನಕ್ಕೆ ಆಳವಾಗುತ್ತದೆ. ಕೋರೆಗೆ ದಂಡೆ ಇಲ್ಲ. ಮೊದಲ ಹೆಜ್ಜೆಯಲ್ಲೇ ಆಳ. ಹಿಡಿದು ಹತ್ತಲು ಗೋಡೆಯಲ್ಲಿ ಏನೂ ಇಲ್ಲ. ಅಡಿಯ ಶೇಡಿ ಸೋಪಿನ ಹಾಗೆ ಜಾರುತ್ತದೆ. ಈಜು ಬಂದವನೂ ಹತ್ತಲಾರ. ಸೈಕಲ್ ಪಾರ್ಕ್, ವ್ಯೂ ಪಾಯಿಂಟ್, ಜಿಪ್‌ಲೈನ್ ಎಂದು ಮಾತಾಡುವವರು ಮೊದಲು ಒಂದು ಬದಿಯನ್ನು ಇಳಿಜಾರು ಮಾಡಿಸಲಿ. ಜೆಸಿಬಿಗೆ ಹೆಚ್ಚೆಂದರೆ ಒಂದೆರಡು ದಿನದ ಕೆಲಸ. ಉಳಿದ ಮೂರು ಬದಿಗೆ ಬೇಲಿ. ಬಣ್ಣ ಬಣ್ಣದ ಇಂಟರ್‌ಲಾಕ್ ನೆಲ ಆಮೇಲೆ ನೋಡೋಣ. ಇಂಟರ್‌ಲಾಕ್ ಬೇಡವೇ ಬೇಡ ಎನ್ನುವುದು ನನ್ನ ಸ್ವಂತ ಅಭಿಪ್ರಾಯ.

ಸೈಕಲ್ ದಾರಿಗೆ ದೊಡ್ಡ ದುಡ್ಡೂ ಬೇಡ. ಒಂದಡಿ, ಒಂದೂವರೆ ಅಡಿ ಅಗಲದ ಮಣ್ಣಿನ ದಾರಿ ಸಾಕು. ಗುಡ್ಡೆಯಲ್ಲಿ ನೇರ ಕೆಳಗೆ ಇಳಿಯಬಾರದು, ಓರೆಯಾಗಿ ಬಳಸಿ ಹೋಗಬೇಕು. ನೇರ ಇಳಿದರೆ ಮಳೆಗಾಲದಲ್ಲಿ ಅದು ದಾರಿಯಲ್ಲ, ತೋಡು. ನಾವು ಮೊದಲ ವರ್ಷ ಮಾಡಿದ್ದು ಇದೇ ತಪ್ಪು. ಜೂನ್ ಕೊನೆಗೆ ನಮ್ಮ ‘ಟ್ರ್ಯಾಕ್’ ಮೊಣಕಾಲು ಆಳದ ಕೊರಕಲು ಆಗಿತ್ತು. ಈಗ ಅಲ್ಲಲ್ಲಿ ದಾರಿಯನ್ನು ಸ್ವಲ್ಪ ತಗ್ಗಿಸಿ ಮತ್ತೆ ಏರಿಸಿದ್ದೇವೆ. ನೀರು ಅಲ್ಲೇ ಪಕ್ಕಕ್ಕೆ ಇಳಿದು ಹೋಗುತ್ತದೆ. ಸೈಕಲಿಗೆ ಅದೇ ಉಯ್ಯಾಲೆಯ ಮಜಾ. ತೋಟದಲ್ಲಿ ಉಜಿರುಕಣಿ, ಅಂದರೆ ನೀರು ಬಸಿದು ಹೋಗುವ ಕಾಲುವೆ, ಮಾಡಿದ ಕೈಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ.

ನಿಜವಾದ ತೊಡಕು ಜಾಗದ್ದು. ಕಯೂನಾ ಈಗ ಸಾರ್ವಜನಿಕರ ಜಾಗ. ಗುರುಗ್ರಾಮದಲ್ಲಿ ಹಳೆಯ ಕಲ್ಲುಗಣಿಯನ್ನು ಅರಾವಳಿ ಜೈವವೈವಿಧ್ಯ ಉದ್ಯಾನ ಮಾಡಿದ್ದಾರಲ್ಲ, ಅದೂ ಹಾಗೇ. ನಮ್ಮಲ್ಲಿ ಒಂದು ಕೋರೆ ಒಬ್ಬರ ಪಟ್ಟಾ ಜಾಗ, ಪಕ್ಕದ್ದು ಇನ್ನೊಬ್ಬರದ್ದು. ಒಬ್ಬರು ಮಣ್ಣು ತುಂಬಿಸಿ ಅಡಿಕೆ ಹಾಕುತ್ತಾರೆ, ಇನ್ನೊಬ್ಬರು ನೀರು ನಿಲ್ಲಿಸಿ ಪಂಪ್ ಇಡುತ್ತಾರೆ. ಅದು ಅವರ ಹಕ್ಕು. ಅಡಿಕೆ ಬೆಳೆದರೆ ನನಗೆ ಸೈಕಲಿಗಿಂತ ಜಾಸ್ತಿ ಖುಷಿ.

ಆದರೆ ಹೊಸದಾಗಿ ಕಡಿಯಲು ಬರುವವರ ಹತ್ತಿರ ‘ಪಾರ್ಕ್’ ಎಂಬ ಮಾತು ಕೇಳಿ ಸುಮ್ಮನಾಗಬೇಡಿ. ಐದು ಹೆಕ್ಟೇರಿಗಿಂತ ಸಣ್ಣ ಕೋರೆಗೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. 2020ರ ಜನವರಿ 8ರಂದು ಇನ್ನೊಂದು ಮಾತು ಹೇಳಿತು. ಗಣಿ ಮುಗಿದ ಮೇಲೆ ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವು, ಗಿಡ, ಪ್ರಾಣಿಗಳಿಗೆ ತಕ್ಕ ಜಾಗವಾಗಿ ಮಾಡಬೇಕು, ಖರ್ಚು ಗಣಿ ಮಾಡಿದವರದ್ದೇ. ಸರಿ ಮಾಡಿಕೊಡುವುದು ಅವರ ಕರ್ತವ್ಯ, ನಮಗೆ ಕೊಡುವ ಬಹುಮಾನ ಅಲ್ಲ. ಅನುಮತಿ ಪತ್ರ ತೋರಿಸಿ ಎನ್ನಿ. ಇದೇ ಜನ ಹಿಂದೆ ಕಡಿದುಬಿಟ್ಟ ಕೋರೆ ಎಲ್ಲಿದೆ, ಅದಕ್ಕೆ ಬೇಲಿ ಇದೆಯಾ ಎಂದು ಕೇಳಿ. ನಾನು ಆ ದಿನ ಕೇಳಬೇಕಿದ್ದ ಪ್ರಶ್ನೆ ಅದು. ಮನೆಗೆ ಬಂದು ಕೈಕಾಲು ತೊಳೆಯುವಾಗ ಹೊಳೆಯಿತು. ಯಾವಾಗಲೂ ಹಾಗೇ.

ಹಳೆಯ ಫೋಟೋ ಅಳಿಸಿಲ್ಲ. ಅದರ ಕೆಳಗೆ ಈ ಬರಹದ ಲಿಂಕ್ ಹಾಕುತ್ತೇನೆ.

ಇನ್ನೊಂದು ವಿಷಯ. ನಮ್ಮ ಕೋರೆಯ ಜಾಗದವರು ಬೇಲಿಗೆ ಒಪ್ಪಿದ್ದಾರೆ. ‘ನಿಮ್ಮ ಖರ್ಚಿನಲ್ಲಿ ಮಾಡಿಕೊಳ್ಳಿ’ ಎಂದಿದ್ದಾರೆ. ಮಳೆ ಹಿಡಿಯುವ ಮೊದಲು ಮುಗಿಸಬೇಕು. ಸುಮಾರು 60 ಅಡಿಕೆ ಮರದ ಸಲಾಕೆ (ಸೀಳಿದ ಪಟ್ಟಿ), 25 ಗೂಟ ಬೇಕು. ಹಳೆಯ ಮರ ಕಡಿದವರು ಇದ್ದರೆ ತಿಳಿಸಿ, ಪಿಕಪ್ ನಾವೇ ತರುತ್ತೇವೆ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಕೆಲಸ ಶುರು. ನನಗೆ ಮಂಡಿ ಬಗ್ಗುವುದಿಲ್ಲ, ಹಾಗಾಗಿ ಚಹಾ ಮಾಡುವ ಕೆಲಸ ನನ್ನದು.