ಗ್ಯಾಲರಿಯ ಹಿಂದಿನ ಸಾಲು

ನಾನು ಹುಟ್ಟಿದ್ದು ಧಾರವಾಡದ ಮಗ್ಗುಲಿನ ಹಳ್ಳಿಯಲ್ಲಿ. ಹದಿನಾಲ್ಕು ವರ್ಷಗಳಿಂದ ಇರುವುದು ಕಾಸರಗೋಡು ಜಿಲ್ಲೆಯ ತೃಕ್ಕರಿಪುರದಲ್ಲಿ. ನಾನು ಹುಡುಗನಾಗಿದ್ದಾಗ ನಮ್ಮೂರ ಚಹಾದಂಗಡಿಯ ಹೊರಗೂಡಿನಲ್ಲಿ ಕೆಲವರಿಗೆಂದೇ ಬೇರೆ ಲೋಟಗಳಿದ್ದವು. ಕುಡಿದವರೇ ತೊಳೆದು ಬೋರಲು ಹಾಕಿ ಹೋಗಬೇಕಿತ್ತು. ಇಲ್ಲಿ ಬೆಂಚಿನ ಮೇಲೆ ಯಾರ ಪಕ್ಕ ಯಾರು ಕುಳಿತರೂ ತಿರುಗಿ ನೋಡುವವರಿಲ್ಲ. 'ನಿಮ್ಮದು ಯಾವ ಜನ' ಎನ್ನುವುದಿಲ್ಲ, 'ಮನೆ ಎಲ್ಲಿ' ಎನ್ನುತ್ತಾರೆ. (ಅಷ್ಟರಲ್ಲೇ ಅರ್ಧ ಗೊತ್ತುಮಾಡಿಕೊಳ್ಳುತ್ತಾರೆ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.)

ಬೇಸಿಗೆ ಬಂದರೆ ಇಲ್ಲಿ ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಜನರ ಫುಟ್‌ಬಾಲಿನ ಹುಚ್ಚು. ಕೊಯ್ಲಾದ ಗದ್ದೆ, ಕಣ್ಣು ಕುಕ್ಕುವ ದೀಪ, ಅಡಿಕೆ ಮರ ಕಟ್ಟಿ ನಿಲ್ಲಿಸಿದ ಗ್ಯಾಲರಿ. ತಂಡಗಳು ಆಫ್ರಿಕಾದಿಂದ ಆಟಗಾರರನ್ನು ಕರೆಸುತ್ತವೆ. ಗೋಲು ಹೊಡೆದರೆ ಹೆಗಲ ಮೇಲೆ ಹೊರುವ ಜನ ಪೆನಾಲ್ಟಿ ತಪ್ಪಿದರೆ ಅದೇ ಹುಡುಗನನ್ನು ಪ್ರಾಣಿಯ ಹೆಸರಿನಿಂದ ಕೂಗುತ್ತಾರೆ. ಒಂದು ರಾತ್ರಿ ನನ್ನ ಹಿಂದಿನ ಸಾಲಿನಿಂದಲೇ ಆ ಕೂಗು ಬಂತು. ಸುತ್ತಲಿನವರು ನಕ್ಕರು. ನಾನು ನಗಲಿಲ್ಲ, ಶೇಂಗಾ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. 2024ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಅರೀಕೋಡಿನ ಬಳಿ ಐವರಿ ಕೋಸ್ಟ್‌ನ ಆಟಗಾರನೊಬ್ಬನನ್ನು ಪ್ರೇಕ್ಷಕರು ಅಟ್ಟಿಸಿಕೊಂಡು ಹೋಗಿ ಹೊಡೆದರು. ಬಣ್ಣ ಹಿಡಿದು ಬೈದರೆಂದು ಆತ ಪೊಲೀಸರಿಗೆ ದೂರು ಕೊಟ್ಟ.

ಆಟದೊಳಗೆ ರಾಜಕೀಯ ತರಬಾರದು ಎಂಬುದು ನನ್ನ ಸಹೋದ್ಯೋಗಿಯ ವಾದ. ತಂದವರು ಯಾರು ಸ್ವಾಮಿ? ನಮ್ಮ ಧಾರವಾಡದಲ್ಲೇ ಹುಟ್ಟಿದ ಕ್ರಿಕೆಟಿಗ ಪಲ್ವಂಕರ್ ಬಾಳೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು. ದಲಿತರಾದ ಅವರಿಗೆ ಪುಣೆಯಲ್ಲಿ ಚಹಾ ಸಿಗುತ್ತಿದ್ದುದು ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ತಮ್ಮ ಮನೆಯವರನ್ನು ನಾಯಕತ್ವದಿಂದ ದೂರವಿಟ್ಟದ್ದಕ್ಕೆ 1920ರಲ್ಲಿ ಅವರ ತಮ್ಮಂದಿರು ಹಿಂದೂ ತಂಡದಿಂದ ಹಿಂದೆ ಸರಿದರು (ಆಗ ಬಾಂಬೆಯ ದೊಡ್ಡ ಟೂರ್ನಿಯಲ್ಲಿ ಧರ್ಮ, ಜನಾಂಗ ನೋಡಿ ತಂಡ ಕಟ್ಟುತ್ತಿದ್ದರು). 1923ರಲ್ಲಿ ತಮ್ಮ ವಿಠಲ ನಾಯಕನಾದರು. ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಮುಷ್ಟಿ ಮೇಲೇಳಲು ಇನ್ನೂ ನಲವತ್ತೈದು ವರ್ಷ ಬಾಕಿಯಿತ್ತು.

1968ರ ಆ ಚಿತ್ರದಲ್ಲಿ ಎಲ್ಲರಿಗೂ ಕಾಣುವುದು ವರ್ಣಭೇದದ ವಿರುದ್ಧ ಪದಕದ ಕಟ್ಟೆಯ ಮೇಲೆ ಮುಷ್ಟಿ ಎತ್ತಿ ನಿಂತ ಅಮೆರಿಕದ ಕಪ್ಪು ಓಟಗಾರರು, ಕಪ್ಪು ಕೈಗವಸಿನ ಟಾಮಿ ಸ್ಮಿತ್, ಜಾನ್ ಕಾರ್ಲೋಸ್. ಈಚೆಗೆ ನನ್ನ ಕಣ್ಣು ಅವರ ಜೊತೆ ನಿಂತ, ಬೆಳ್ಳಿ ಗೆದ್ದ ಬಿಳಿಯ, ಆಸ್ಟ್ರೇಲಿಯಾದ ಪೀಟರ್ ನಾರ್ಮನ್ ಮೇಲೆ ನಿಲ್ಲುತ್ತದೆ. ಆತ ಕೈ ಎತ್ತಲಿಲ್ಲ. ಅವರು ತೊಟ್ಟ ಮಾನವ ಹಕ್ಕುಗಳ ಬ್ಯಾಡ್ಜನ್ನೇ ತಾನೂ ಎದೆಗೆ ಚುಚ್ಚಿಕೊಂಡಿದ್ದ, ಅಷ್ಟೆ. 2006ರಲ್ಲಿ ಆತ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಆ ಇಬ್ಬರೂ ಇದ್ದರು.

ಶನಿವಾರ ಇಲ್ಲಿ ಸೆಮಿಫೈನಲ್. ಟಿಕೆಟ್ ತೆಗೆದುಕೊಂಡಿದ್ದೇನೆ, ಅದೇ ಜಾಗ. ಹಿಂದಿನ ಸಾಲಿನವರೂ ಬಂದೇ ಬರುತ್ತಾರೆ. ಸಾಕು ಎನ್ನಲು ಮಲಯಾಳದಲ್ಲಿ 'ಮದಿ' ಎಂದರೆ ಆಯಿತು. ಹದಿನಾಲ್ಕು ವರ್ಷಗಳಿಂದ ಅದನ್ನು ಊಟದ ಎಲೆಯ ಮುಂದೆ ಮಾತ್ರ ಹೇಳುತ್ತ ಬಂದಿದ್ದೇನೆ.